ದೂರ ಒಂದೇ, ಗಂಟೆ ಮಾತ್ರ ಯಾಕೆ ಬೇರೆ? ವಿಮಾನ ಪ್ರಯಾಣದ ದೂರ ಮತ್ತು ಸಮಯವನ್ನು ನೀವೇ ಲೆಕ್ಕ ಹಾಕುವ ಬಗೆ

"ಹೋಗೋಕೆ ಮೂರೇ ಗಂಟೆ, ಬರೋಕೆ ಹನ್ನೆರಡು ಗಂಟೆ! ಏನೋ ಇದು, ಟಿಕೆಟ್ ತಪ್ಪಾಗಿ ಬಂದಿದ್ಯಾ?"

ಅಕ್ಕನ ಫೋನು. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಮೊದಲ ಸಲ ಹೊರಟಿದ್ದಳು. ಟಿಕೆಟ್ಟಿನಲ್ಲಿ ಹೊರಡುವುದು ಬೆಳಿಗ್ಗೆ 11ಕ್ಕೆ, ತಲುಪುವುದು ಮಧ್ಯಾಹ್ನ 2ಕ್ಕೆ ಅಂತ ಇತ್ತು. ವಾಪಸ್ ಬರುವಾಗ ರಾತ್ರಿ 8ಕ್ಕೆ ಹೊರಟು ಮರುದಿನ ಬೆಳಿಗ್ಗೆ 8ಕ್ಕೆ. ಒಂದರಿಂದ ಇನ್ನೊಂದನ್ನು ಕಳೆದು ನೋಡಿ ಗಾಬರಿಯಾಗಿದ್ದಳು. ಎರಡೂ ಊರಿನ ಗಡಿಯಾರಗಳ ನಡುವೆ ಐದು ಗಂಟೆ ಅಂತರ ಇದೆ ಅಂತ ಹೇಳಿದೆ. ಅದನ್ನು ಸೇರಿಸಿ, ಕಳೆದು ನೋಡಿದರೆ ಹೋಗುವಾಗ ಎಂಟು ಗಂಟೆ, ಬರುವಾಗ ಏಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

"ಸರಿ, ಆದ್ರೂ ಒಂದು ಗಂಟೆ ಎಲ್ಲಿ ಹೋಯ್ತು? ದೂರ ಒಂದೇ ಅಲ್ವಾ?"

ದೂರ ಒಂದೇ. ಆದರೆ ಸಮಯ ಅನ್ನುವುದು ಒಂದೇ ಸಂಖ್ಯೆ ಅಲ್ಲ. ಗಾಳಿಯಲ್ಲಿ ಹಾರುವ ಸಮಯ ಬೇರೆ, ಗೇಟಿನಿಂದ ಗೇಟಿಗೆ ಹಿಡಿಯುವ ಸಮಯ ಬೇರೆ, ಗಡಿಯಾರ ತೋರಿಸುವ ಸಮಯ ಬೇರೆ, ಮನೆ ಬಾಗಿಲಿನಿಂದ ಬಾಗಿಲಿಗೆ ಆಗುವ ಸಮಯ ಇನ್ನೂ ಬೇರೆ. ಗೂಗಲ್‌ನಲ್ಲಿ ಹುಡುಕಿದಾಗ ಒಂದೊಂದು ಕಡೆ ಒಂದೊಂದು ಉತ್ತರ ಬರುವುದು ಇದಕ್ಕೇ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬೊಬ್ಬರು ಒಂದೊಂದನ್ನು ಅಳೆದಿರುತ್ತಾರೆ, ಅಷ್ಟೇ. ಅಕ್ಕನಿಗೆ ಆವತ್ತು ಹೇಳಿಕೊಟ್ಟ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೂ ಅವಳ ದಾರಿಯನ್ನೇ ಇಟ್ಟುಕೊಳ್ಳೋಣ.

ಮೊದಲು, ಯಾವ ನಿಲ್ದಾಣ?

ಲಂಡನ್ ಅಂದರೆ ಸಾಲದು. ಅಲ್ಲಿ ಹೀಥ್ರೂ ಇದೆ, ಗ್ಯಾಟ್‌ವಿಕ್ ಇದೆ, ಸ್ಟಾನ್‌ಸ್ಟೆಡ್, ಲೂಟನ್, ಲಂಡನ್ ಸಿಟಿ ಎಲ್ಲ ಇವೆ. ನ್ಯೂಯಾರ್ಕ್‌ಗೆ ಜೆಎಫ್‌ಕೆ, ಲಗ್ವಾರ್ಡಿಯಾ, ನ್ಯೂವರ್ಕ್. ಟೋಕಿಯೊದ ಹನೇಡಾ ಊರಿಗೆ ಅಂಟಿಕೊಂಡೇ ಇದೆ, ನರೀಟಾ ಸುಮಾರು 60 ಕಿ.ಮೀ. ಆಚೆ ಇದೆ. ಆಕಾಶದ ದೂರಕ್ಕೆ ಇದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ನೆಲದ ಮೇಲಿನ ಸಮಯಕ್ಕೆ ಮಾತ್ರ ಒಂದು ಗಂಟೆಗೂ ಜಾಸ್ತಿ ವ್ಯತ್ಯಾಸ ಆಗಬಹುದು.

ಅದಕ್ಕೇ ಊರಿನ ಹೆಸರಿನ ಬದಲು ಮೂರಕ್ಷರದ ಕೋಡ್ ಹಿಡಿದುಕೊಳ್ಳಿ. ಹೀಥ್ರೂಗೆ ಎಲ್‌ಎಚ್‌ಆರ್, ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಎಲ್‌ಒಎನ್ ಅಂತ ಕಂಡರೆ ಅದು ಇಡೀ ನಗರದ ಕೋಡ್, ಒಂದು ನಿಲ್ದಾಣದ್ದಲ್ಲ. ಒಂದೇ ಹೆಸರಿನ ಊರುಗಳಿದ್ದರೆ ಇನ್ನೂ ಹುಷಾರು. ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದ ನೋವಾ ಸ್ಕೋಶಿಯಾದಲ್ಲೂ ಇದೆ. ಆಸ್ಟ್ರೇಲಿಯಾ ನೋಡಲು ಹೊರಟವರು ಕೆನಡಾದಲ್ಲಿ ಇಳಿದದ್ದು ಒಂದು ಸಲ ಅಲ್ಲ, ಹಲವು ಸಲ ಸುದ್ದಿಯಾಗಿದೆ. ಸ್ಯಾನ್ ಹೋಸೆ ಅನ್ನುವ ಊರು ಕೋಸ್ಟರಿಕಾದಲ್ಲಿ ಒಂದು, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ಕೋಡ್‌ನಲ್ಲಿ ಕೊನೆಯ ಒಂದೇ ಅಕ್ಷರ ಬೇರೆ.

ದೂರ: ನಕ್ಷೆ ಬಿಡಿ, ಚೆಂಡು ತೆಗೆದುಕೊಳ್ಳಿ

ಗೋಡೆಗೆ ಹಾಕುವ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸಿಗುವುದು ಹತ್ತಿರದ ದಾರಿ ಅಲ್ಲ. ಆ ನಕ್ಷೆಗಳಲ್ಲಿ ಧ್ರುವದ ಕಡೆಗೆ ಹೋದಷ್ಟೂ ಎಲ್ಲವೂ ಹಿಗ್ಗಿಕೊಂಡು ಕಾಣುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಅಂತ ಅನ್ನಿಸುತ್ತದೆ ಅಲ್ವಾ? ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಟೋಕಿಯೊ ಮೇಲೆ, ಇನ್ನೊಂದನ್ನು ನ್ಯೂಯಾರ್ಕ್ ಮೇಲೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ನಿಲ್ಲುವುದಿಲ್ಲ. ಜಾರಿಕೊಂಡು ಮೇಲೆ ಹೋಗಿ ಅಲಾಸ್ಕಾದ ಮೇಲೆ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ. ಇದಕ್ಕೆ ಗ್ರೇಟ್ ಸರ್ಕಲ್ ದೂರ ಅಂತ ಹೆಸರು. ಯಾವುದೇ ಎರಡು ನಿಲ್ದಾಣಗಳ ನಡುವಿನ "ವಿಮಾನ ದೂರ" ಅಂತ ನೀವು ಓದುವುದು ಸಾಮಾನ್ಯವಾಗಿ ಇದನ್ನೇ. ವಿಮಾನ ತಡವಾದರೆ ಪರಿಹಾರ ಕೊಡುವ ಯುರೋಪಿನ 2004ರ ನಿಯಮ ಕೂಡ 1,500 ಕಿ.ಮೀ., 3,500 ಕಿ.ಮೀ. ಅಂತ ವಿಂಗಡಿಸುವುದು ಈ ದೂರವನ್ನೇ ಹಿಡಿದು.

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಪ್ರಪಂಚದ ಯಾವ ಎರಡು ನಿಲ್ದಾಣಗಳ ನಡುವೆಯೂ ಗ್ರೇಟ್ ಸರ್ಕಲ್ ದೂರ 20,000 ಕಿ.ಮೀ. ಆಸುಪಾಸು ದಾಟಲು ಸಾಧ್ಯವಿಲ್ಲ. ನಿಮ್ಮ ಲೆಕ್ಕದಲ್ಲಿ 25,000 ಬಂದರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಸೈನ್, ಕೊಸೈನ್ ಇರುವಂಥದ್ದು, ಮೊಬೈಲಿನಲ್ಲಿರುವುದೇ ಸಾಕು. ಕೋನದ ಅಳತೆಯನ್ನು ಡಿಗ್ರಿಗೆ ಇಟ್ಟುಕೊಳ್ಳಿ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು, ಅವು ಎಲ್ಲ ನಕ್ಷೆಗಳಲ್ಲೂ ಸಿಗುತ್ತವೆ. ಹೀಥ್ರೂ ಇರುವುದು ಉತ್ತರಕ್ಕೆ 51.4700, ಪಶ್ಚಿಮಕ್ಕೆ 0.4543 ಡಿಗ್ರಿಯಲ್ಲಿ. ಜೆಎಫ್‌ಕೆ ಉತ್ತರಕ್ಕೆ 40.6413, ಪಶ್ಚಿಮಕ್ಕೆ 73.7781 ಡಿಗ್ರಿಯಲ್ಲಿ.

ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.7823 × 0.6513 = 0.5095. ಇದನ್ನು ಪಕ್ಕದಲ್ಲಿ ಬರೆದಿಡಿ.

ಆಮೇಲೆ ಅದೇ ಅಕ್ಷಾಂಶಗಳ ಕೊಸೈನ್ ತೆಗೆಯಿರಿ: 0.6229 ಮತ್ತು 0.7588. ರೇಖಾಂಶಗಳ ವ್ಯತ್ಯಾಸ 73.3238 ಡಿಗ್ರಿ, ಅದರ ಕೊಸೈನ್ 0.2870. ಮೂರನ್ನೂ ಗುಣಿಸಿದರೆ 0.1356.

ಎರಡು ಉತ್ತರ ಕೂಡಿಸಿ: 0.6451. ಇದು ಯಾವ ಕೋನದ ಕೊಸೈನ್? ಕ್ಯಾಲ್ಕುಲೇಟರಿನಲ್ಲಿ ಕೊಸೈನ್‌ನ ತಿರುಗುಮುರುಗು ಗುಂಡಿ (cos⁻¹) ಒತ್ತಿದರೆ 49.83 ಡಿಗ್ರಿ ಅಂತ ಬರುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111.2 ಕಿ.ಮೀ. ಗುಣಿಸಿದರೆ 5,540 ಕಿ.ಮೀ. ಆಯಿತು.

ಮೂರು ಕಡೆ ಜನ ತಪ್ಪುತ್ತಾರೆ. ಒಂದು ಸ್ಥಳ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಇದ್ದರೆ ರೇಖಾಂಶಗಳನ್ನು ಕಳೆಯಬಾರದು, ಕೂಡಿಸಬೇಕು. ದಕ್ಷಿಣದ ಅಕ್ಷಾಂಶಕ್ಕೆ ಮೈನಸ್ ಚಿಹ್ನೆ ಹಾಕಬೇಕು. ಎಕ್ಸೆಲ್ ಹಾಳೆಯಲ್ಲಿ ಮಾಡುವುದಾದರೆ ಡಿಗ್ರಿಯನ್ನು ರೇಡಿಯನ್‌ಗೆ ಬದಲಾಯಿಸದೆ ಸೈನ್ ತೆಗೆದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ.

ಇಷ್ಟೆಲ್ಲ ಯಾಕೆ, ಗ್ರೇಟ್ ಸರ್ಕಲ್ ಮ್ಯಾಪರ್ ಥರದ ಸೈಟಿನಲ್ಲಿ ಎರಡು ಕೋಡ್ ಹಾಕಿದರೆ ಉತ್ತರ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ, ಧಾರಾಳವಾಗಿ ಬಳಸಿ. ಆದರೆ ಅಲ್ಲಿ 5,540 ಬದಲು 5,555 ಆಸುಪಾಸು ಕಾಣುತ್ತದೆ. ಹೆದರಬೇಡಿ. ನಾವು ಭೂಮಿಯನ್ನು ಸರಿಯಾದ ಗುಂಡು ಅಂತ ಇಟ್ಟುಕೊಂಡೆವು. ಅದು ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಸಮಭಾಜಕದ ಕಡೆ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357. ಆ 21 ಕಿ.ಮೀ. ವ್ಯತ್ಯಾಸವನ್ನೂ ಹಿಡಿದು ಲೆಕ್ಕ ಹಾಕುವವರಿಗೆ 5,555 ಬರುತ್ತದೆ. ಹದಿನೈದು ಕಿ.ಮೀ. ಅಂದರೆ ಜೆಟ್ ವಿಮಾನಕ್ಕೆ ಒಂದು ನಿಮಿಷದ ದಾರಿ.

ಮೈಲಿ ಅಂದರೆ ಯಾವ ಮೈಲಿ?

ಇಲ್ಲಿ ನಾನೇ ಒಮ್ಮೆ ಜಾರಿಬಿದ್ದಿದ್ದೇನೆ. ಇದೇ ದಾರಿಗೆ ಯಾವುದೋ ಪಟ್ಟಿಯಲ್ಲಿ 2,990 ಅಂತ ಇತ್ತು. ಪಕ್ಕದಲ್ಲಿ ಏನು ಬರೆದಿದೆ ಅಂತ ನೋಡದೆ ಕಿಲೋಮೀಟರ್ ಅಂದುಕೊಂಡು ಭಾಗಿಸಿಬಿಟ್ಟೆ. ಮೂರೂವರೆ ಗಂಟೆ ಅಂತ ಗೆಳೆಯನಿಗೆ ಹೇಳಿದೆ. "ಕಾಂಕಾರ್ಡ್ ನಿಂತು ಎಷ್ಟು ವರ್ಷ ಆಯ್ತು ಮಾರಾಯ!" ಅಂತ ನಕ್ಕ. ಅವನು ಹೇಳಿದ್ದು ಸರಿ. ಆ ದಾರಿಯನ್ನು ಮೂರೂವರೆ ಗಂಟೆಯಲ್ಲಿ ಮುಗಿಸುತ್ತಿದ್ದ ಪ್ರಯಾಣಿಕ ವಿಮಾನ ಅದೊಂದೇ. ಅದರ ಹಾರಾಟ 2003ರಲ್ಲೇ ನಿಂತಿತು.

2,990 ಇದ್ದದ್ದು ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ನೆಲದ ಮೇಲಿನ ಸಾಮಾನ್ಯ ಮೈಲಿ 1.609 ಕಿ.ಮೀ. ಅದೇ ದೂರ ಸಾಮಾನ್ಯ ಮೈಲಿಯಲ್ಲಿ ಸುಮಾರು 3,440 ಆಗುತ್ತದೆ. ಪೈಲಟ್‌ಗಳು ನಾಟಿಕಲ್ ಮೈಲಿ ಬಿಡದೇ ಇರುವುದಕ್ಕೆ ಒಂದು ಕಾರಣ ಅದರ ಸಲೀಸು: ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಮೇಲೆ ಬಂದ 49.83 ಡಿಗ್ರಿಯನ್ನು 60ರಿಂದ ಗುಣಿಸಿ ನೋಡಿ, ನೇರವಾಗಿ 2,990 ಬರುತ್ತದೆ. ವೇಗ ನಾಟ್‌ನಲ್ಲಿ ಇದ್ದರೆ ಅದು ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅಂತ. ದೂರ ಒಂದು ಅಳತೆಯಲ್ಲಿ, ವೇಗ ಇನ್ನೊಂದರಲ್ಲಿ ಇಟ್ಟು ಭಾಗಿಸಬೇಡಿ.

ವಿಮಾನ ನಿಜವಾಗಿ ಹೋಗುವ ದಾರಿ

ಗ್ರೇಟ್ ಸರ್ಕಲ್ ದೂರ ದಾರ ಎಳೆದಷ್ಟು ನೇರ. ವಿಮಾನ ಅಷ್ಟು ನೇರ ಹೋಗುವುದಿಲ್ಲ. ಗಾಳಿಗೆ ಎದುರಾಗಿ ಏರಬೇಕು, ಆಮೇಲೆ ತಿರುಗಬೇಕು. ಇಳಿಯುವಾಗ ಸರತಿಯಲ್ಲಿ ಸುತ್ತು ಹಾಕಬೇಕು. ಮಧ್ಯೆ ಮೋಡದ ಗುಡ್ಡೆ ಬಂದರೆ ಬಳಸಿಕೊಂಡು ಹೋಗಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತನ್ನ ಇಂಗಾಲದ ಲೆಕ್ಕಕ್ಕೆ ಒಂದು ಸುಲಭದ ತಿದ್ದುಪಡಿ ಇಟ್ಟುಕೊಂಡಿದೆ. 550 ಕಿ.ಮೀ.ಗಿಂತ ಕಡಿಮೆ ಇದ್ದರೆ 50 ಕಿ.ಮೀ. ಸೇರಿಸು, 5,500ರವರೆಗೆ 100, ಅದಕ್ಕೂ ಜಾಸ್ತಿ ಇದ್ದರೆ 125. ನಮಗೂ ಅದು ಸಾಕು. ಚಿಕ್ಕ ದಾರಿಗೆ ಈ ಸುತ್ತು ಎಷ್ಟು ಭಾರ ಬೀಳುತ್ತದೆ ನೋಡಿ: 400 ಕಿ.ಮೀ.ಗೆ 50 ಅಂದರೆ ಎಂಟರಲ್ಲಿ ಒಂದು ಪಾಲು.

ಇದು ಮಾಮೂಲಿ ಸುತ್ತಿನ ಮಾತು. ದೊಡ್ಡ ಸುತ್ತುಗಳ ಕಾರಣಗಳೇ ಬೇರೆ.

ಎರಡು ಎಂಜಿನ್ ವಿಮಾನಕ್ಕೆ ಒಂದು ಕಟ್ಟುಪಾಡು ಇದೆ. ಒಂದು ಎಂಜಿನ್ ನಿಂತರೆ ಉಳಿದ ಒಂದರಲ್ಲೇ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ವಿಮಾನ, ಕಂಪನಿಗೆ ಅನುಸಾರ 180 ನಿಮಿಷ, ಕೆಲವಕ್ಕೆ 330 ನಿಮಿಷ ಅಂತ ಅನುಮತಿ ಇರುತ್ತದೆ. ನಿಲ್ದಾಣಗಳೇ ಇಲ್ಲದ ಸಾಗರದ ಮೇಲೆ ದಾರಿ ಬಾಗುವುದು ಇದರಿಂದ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನ ಕಡಿಮೆ ಇರುವುದಕ್ಕೂ ಇಂಥದ್ದೇ ಕಾರಣ. ಕ್ಯಾಬಿನ್ನಿನ ಒತ್ತಡ ಇಳಿದರೆ ವಿಮಾನ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ.

ಇನ್ನು ಮುಚ್ಚಿದ ಆಕಾಶ. ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ಸುಮಾರು ಒಂಬತ್ತೂವರೆ ಗಂಟೆ ಸಾಕಿತ್ತು. ದಾರಿ ರಷ್ಯಾದ ಮೇಲೆ ನೇರ ಇತ್ತು. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಅದೇ ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಹೋಯಿತು. ಉತ್ತರ ಧ್ರುವವನ್ನೇ ಬಳಸಿ ಹೋಗುವ ದಾರಿಯೂ ಬಂತು. ಗ್ರೇಟ್ ಸರ್ಕಲ್ ದೂರ ಒಂದು ಕಿಲೋಮೀಟರೂ ಬದಲಾಗಿಲ್ಲ. ದೂರ ನೋಡಿ ಸಮಯ ಊಹಿಸುವವರು ಈ ದಾರಿಯಲ್ಲಿ ಮೂರು ಗಂಟೆಗೂ ಜಾಸ್ತಿ ತಪ್ಪುತ್ತಾರೆ.

ದೂರದಿಂದ ಗಂಟೆಗೆ

ಬೋಯಿಂಗ್ 787, ಏರ್‌ಬಸ್ ಎ350 ಥರದ ದೊಡ್ಡ ವಿಮಾನಗಳು ಶಬ್ದದ ವೇಗದ 0.85 ಭಾಗದಷ್ಟು ವೇಗದಲ್ಲಿ ಹಾರುತ್ತವೆ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಗಾಳಿ ಮೈನಸ್ 56 ಡಿಗ್ರಿ ತಣ್ಣಗಿರುತ್ತದೆ. ಅಂಥ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಅಂದರೆ ವಿಮಾನದ ವೇಗ 900 ಆಸುಪಾಸು. ಎ320, ಬೋಯಿಂಗ್ 737 ಸ್ವಲ್ಪ ನಿಧಾನ, 830 ಆಸುಪಾಸು. ಫ್ಯಾನು ತಿರುಗುವ ಎಟಿಆರ್ ವಿಮಾನ ಗಂಟೆಗೆ 500.

ಯಾವ ವಿಮಾನ ಅಂತ ಗೊತ್ತಿಲ್ಲದಿದ್ದರೆ ನಾನು 850 ಇಟ್ಟುಕೊಳ್ಳುತ್ತೇನೆ. ಅದರ ಮೇಲೆ 40 ನಿಮಿಷ. ಇಪ್ಪತ್ತು ನಿಮಿಷ ಏರುವಾಗ, ಇಳಿಯುವಾಗ ನಿಧಾನ ಆಗುವುದಕ್ಕೆ. ಇನ್ನಿಪ್ಪತ್ತು ನೆಲದ ಮೇಲೆ ರನ್‌ವೇವರೆಗೆ ಉರುಳಿಕೊಂಡು ಹೋಗಿ ಬರುವುದಕ್ಕೆ. ತುಂಬಾ ಗಿಜಿಗಿಜಿ ಇರುವ ನಿಲ್ದಾಣವಾದರೆ 40ರ ಬದಲು ಒಂದು ಗಂಟೆ ಹಾಕಿ.

ನಮ್ಮ ದಾರಿಗೆ (ಮೇಲೆ ಹೇಳಿದ 125 ಕಿ.ಮೀ. ಸುತ್ತನ್ನು ಸದ್ಯಕ್ಕೆ ಬಿಟ್ಟು ನೋಡೋಣ): 5,540ನ್ನು 850ರಿಂದ ಭಾಗಿಸಿದರೆ ಆರು ಗಂಟೆ 31 ನಿಮಿಷ. ನಲವತ್ತು ಸೇರಿಸಿದರೆ ಏಳು ಗಂಟೆ 11 ನಿಮಿಷ. ಗಾಳಿಯೇ ಇಲ್ಲದಿದ್ದರೆ ಇದು ಎರಡೂ ಕಡೆಗೆ ಒಂದೇ ಆಗಿರುತ್ತಿತ್ತು.

ಈಗ ಅಕ್ಕನ ಎರಡನೇ ಪ್ರಶ್ನೆಗೆ ಬಂದೆವು. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಹರಿಯುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತಾರೆ. ಗಂಟೆಗೆ 150 ಕಿ.ಮೀ. ವೇಗ ಅಲ್ಲಿ ಮಾಮೂಲಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಹೊಳೆಯ ಹರಿವಿನ ಜೊತೆ ಈಜುವುದಕ್ಕೂ ಎದುರು ಈಜುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಅಂತ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಹೋಗುವಾಗ ವೇಗ 750ಕ್ಕೆ ಇಳಿಯುತ್ತದೆ: ಏಳು ಗಂಟೆ 23 ನಿಮಿಷ, ಜೊತೆಗೆ 40, ಒಟ್ಟು ಎಂಟು ಗಂಟೆ ಚಿಲ್ಲರೆ. ಪೂರ್ವಕ್ಕೆ ಬರುವಾಗ 950: ಐದು ಗಂಟೆ 50 ನಿಮಿಷ, ಜೊತೆಗೆ 40, ಒಟ್ಟು ಆರೂವರೆ. ಟಿಕೆಟ್ಟಿನ ಎಂಟು ಮತ್ತು ಏಳಕ್ಕೆ ಹತ್ತಿರವೇ ಬಂದೆವು.

ಒಂದು ತಮಾಷೆ ಗಮನಿಸಿದಿರಾ? ಎದುರು ಗಾಳಿಯಲ್ಲಿ 52 ನಿಮಿಷ ಕಳೆದುಕೊಂಡೆವು, ಹಿಂಗಾಳಿಯಲ್ಲಿ ಗಳಿಸಿದ್ದು 41 ಮಾತ್ರ. ಗಾಳಿ ಕೊಟ್ಟಷ್ಟನ್ನೇ ತೆಗೆದುಕೊಳ್ಳುವುದಿಲ್ಲ, ಸ್ವಲ್ಪ ಬಡ್ಡಿ ಹಿಡಿಯುತ್ತದೆ. ನಿಧಾನ ಇದ್ದಾಗ ಗಾಳಿಯಲ್ಲೇ ಜಾಸ್ತಿ ಹೊತ್ತು ಇರುತ್ತೇವಲ್ಲ, ಅದಕ್ಕೆ.

ಹೊಳೆ ಉಕ್ಕಿದಾಗ ಏನಾಗುತ್ತದೆ ಅನ್ನುವುದಕ್ಕೆ 2020ರ ಫೆಬ್ರವರಿ ನೋಡಬೇಕು. ಕಿಯಾರಾ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಜೆಎಫ್‌ಕೆಯಿಂದ ಹೀಥ್ರೂಗೆ ನಾಲ್ಕು ಗಂಟೆ 56 ನಿಮಿಷದಲ್ಲಿ ಬಂತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,327 ಕಿ.ಮೀ. ಮುಟ್ಟಿತ್ತು. ಹಾಗಾದರೆ ಶಬ್ದದ ವೇಗ ಮೀರಿತಾ? ಇಲ್ಲ. ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ದಿನಾ ಹೋಗುವ ವೇಗದಲ್ಲೇ ಇತ್ತು. ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು.

ಅದಕ್ಕೇ ದಾರಿ ಒಂದೇ ಅಲ್ಲ ಅಂತ ಅಕ್ಕನಿಗೆ ಹೇಳಿದ್ದು. ಉತ್ತರ ಅಟ್ಲಾಂಟಿಕ್ ಮೇಲೆ ವಿಮಾನಗಳಿಗೆ ಹಾಕುವ ಓಣಿಗಳು ದಿನಾ ಬದಲಾಗುತ್ತವೆ. ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಜೆಟ್ ಸ್ಟ್ರೀಮ್ ತಪ್ಪಿಸುವ ಓಣಿ, ರಾತ್ರಿ ಪೂರ್ವಕ್ಕೆ ಬರುವವರಿಗೆ ಅದರ ಮೇಲೇ ಸವಾರಿ ಮಾಡುವ ಓಣಿ. ಜಾಸ್ತಿ ದೂರ ಹೋಗಿಯೂ ಬೇಗ ತಲುಪುವುದು ಇಲ್ಲಿ ಸಾಧ್ಯ.

ಟಿಕೆಟ್ಟಿನಲ್ಲಿರುವುದು ಯಾವ ಸಮಯ?

ಹಾರುವ ಸಮಯ ಅಲ್ಲ. ಗೇಟಿನಿಂದ ವಿಮಾನ ಹಿಂದೆ ಸರಿಯುವ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಸಮಯ. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ವಿಮಾನದ ಚಕ್ರಕ್ಕೆ ಅಡ್ಡ ಇಡುವ ಕಟ್ಟೆ ಇದೆಯಲ್ಲ, ಅದನ್ನು ತೆಗೆಯುವುದರಿಂದ ಮತ್ತೆ ಇಡುವವರೆಗೆ ಅಂತ ಅರ್ಥ.

ಕಂಪನಿಗಳು ಇದಕ್ಕೆ ಸ್ವಲ್ಪ ಹೆಚ್ಚುವರಿ ನಿಮಿಷಗಳನ್ನೂ ತುಂಬಿರುತ್ತವೆ. ಹೇಳಿದ ಸಮಯದಿಂದ 15 ನಿಮಿಷದೊಳಗೆ ಬಂದರೆ "ಸಮಯಕ್ಕೆ ಬಂತು" ಅಂತ ಲೆಕ್ಕ. ಸ್ವಲ್ಪ ಸಡಿಲ ಇಟ್ಟುಕೊಂಡರೆ ಹೆಸರು ಉಳಿಯುತ್ತದೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಸಮಯಕ್ಕೇ ತಲುಪುವುದರ ಗುಟ್ಟು ಸಾಮಾನ್ಯವಾಗಿ ಇದೇ. ಪೈಲಟ್ ವೇಗವಾಗಿ ಓಡಿಸಿದ್ದರಿಂದ ಅಲ್ಲ.

ಈ ಸಡಿಲಕ್ಕೆ ಅತ್ಯಂತ ಚಿಕ್ಕ ಉದಾಹರಣೆ ಸ್ಕಾಟ್‌ಲ್ಯಾಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಚೆನ್ನಾಗಿದ್ದ ದಿನ 53 ಸೆಕೆಂಡಿನಲ್ಲೂ ಮುಗಿದಿದೆ. ಇನ್ನೊಂದು ತುದಿಯಲ್ಲಿ ಸಿಂಗಪುರದಿಂದ ಜೆಎಫ್‌ಕೆ: ಸುಮಾರು 15,350 ಕಿ.ಮೀ., ಹದಿನೆಂಟೂವರೆ ಗಂಟೆಗೂ ಮೇಲೆ.

ಗಡಿಯಾರದ ಲೆಕ್ಕ

ಇದಕ್ಕೆ ಒಂದೇ ಉಪಾಯ. ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಇಡೀ ಜಗತ್ತು ಹೋಲಿಕೆಗೆ ಇಟ್ಟುಕೊಂಡಿರುವ ಒಂದೇ ಗಡಿಯಾರದ ಸಮಯಕ್ಕೆ, ಬದಲಾಯಿಸಿ, ಆಮೇಲೆ ಕಳೆಯಿರಿ. ಬಾಯಲ್ಲೇ ಲೆಕ್ಕ ಹಾಕಲು ಹೋಗಬೇಡಿ, ಕೂಡಿಸಬೇಕೋ ಕಳೆಯಬೇಕೋ ಅನ್ನುವುದರಲ್ಲೇ ತಪ್ಪುತ್ತದೆ.

ಚಳಿಗಾಲದಲ್ಲಿ ಲಂಡನ್ ಯುಟಿಸಿಯಲ್ಲೇ ಇರುತ್ತದೆ, ನ್ಯೂಯಾರ್ಕ್ ಐದು ಗಂಟೆ ಹಿಂದೆ. ಅಕ್ಕ ಹೊರಟದ್ದು 11ಕ್ಕೆ, ಅಂದರೆ ಯುಟಿಸಿ 11. ತಲುಪಿದ್ದು ನ್ಯೂಯಾರ್ಕಿನ ಮಧ್ಯಾಹ್ನ 2, ಅದಕ್ಕೆ ಐದು ಸೇರಿಸಿದರೆ ಯುಟಿಸಿ ಸಂಜೆ 7. ಎಂಟು ಗಂಟೆ. ವಾಪಸ್ ರಾತ್ರಿ 8ಕ್ಕೆ ಐದು ಸೇರಿಸಿದರೆ ರಾತ್ರಿ 1. ತಲುಪಿದ್ದು ಬೆಳಿಗ್ಗೆ 8. ಏಳು ಗಂಟೆ.

ಬೇಸಿಗೆಯ ಗಡಿಯಾರ ಒಂದು ತಲೆನೋವು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತದೆ, ಬ್ರಿಟನ್ ಮತ್ತು ಯುರೋಪು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್, ನ್ಯೂಯಾರ್ಕ್ ನಡುವೆ ಐದಲ್ಲ, ನಾಲ್ಕೇ ಗಂಟೆ ಅಂತರ. ಅಕ್ಟೋಬರ್ ಕೊನೆಯಲ್ಲಿ ಮತ್ತೆ ಒಂದು ವಾರ ಹೀಗೇ ಆಗುತ್ತದೆ. ಎಲ್ಲ ದೇಶವೂ ಪೂರ್ತಿ ಗಂಟೆಯ ಲೆಕ್ಕದಲ್ಲಿ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಭಾರತ ಐದೂವರೆ ಗಂಟೆ ಮುಂದೆ, ನೇಪಾಳ ಐದು ಮುಕ್ಕಾಲು ಗಂಟೆ ಮುಂದೆ.

ದಿನಾಂಕ ರೇಖೆ ದಾಟಿದರೆ ಇನ್ನೂ ಮಜಾ. ಟೋಕಿಯೊ ಯುಟಿಸಿಗಿಂತ ಒಂಬತ್ತು ಗಂಟೆ ಮುಂದೆ, ಹೊನೊಲುಲು ಹತ್ತು ಗಂಟೆ ಹಿಂದೆ. ಟೋಕಿಯೊದಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟು ಏಳು ಗಂಟೆ ಹಾರಿದರೆ ಹೊನೊಲುಲುವಿನಲ್ಲಿ ಇಳಿಯುವುದು ಅದೇ ಶುಕ್ರವಾರ ಬೆಳಿಗ್ಗೆ 9ಕ್ಕೆ. ಹೊರಡುವ ಮುಂಚೆಯೇ ತಲುಪಿದ ಹಾಗೆ! ಹೋಟೆಲ್ ಬುಕ್ ಮಾಡುವಾಗ ಶನಿವಾರದಿಂದ ಮಾಡಿದರೆ ಒಂದು ರಾತ್ರಿ ರಸ್ತೆಯಲ್ಲಿ. ಸಮಯದ ಪಕ್ಕ ಚಿಕ್ಕದಾಗಿ ಪ್ಲಸ್ ಒಂದು ಅಂತ ಇದ್ದರೆ ಮರುದಿನ, ಮೈನಸ್ ಒಂದು ಅಂತ ಇದ್ದರೆ ಹಿಂದಿನ ದಿನ. ಆ ಪುಟ್ಟ ಅಂಕೆಯನ್ನು ಬಿಡದೆ ನೋಡಿ.

ನಡುವೆ ಇಳಿದು ಹತ್ತಿದರೆ

ಡೈರೆಕ್ಟ್ ಅಂದರೆ ನಾನ್‌ಸ್ಟಾಪ್ ಅಂತ ಅರ್ಥ ಅಲ್ಲ. ಒಂದೇ ಫ್ಲೈಟ್ ನಂಬರಿನಲ್ಲಿ ನಡುವೆ ಒಂದು ಕಡೆ ನಿಂತು ಹೋದರೂ ಅದು ಡೈರೆಕ್ಟೇ.

ನಡುವೆ ನಿಂತರೆ ದೂರ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಚಿಂತೆ ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಹೀಥ್ರೂಯಿಂದ ಸಿಂಗಪುರಕ್ಕೆ ನೇರ ಸುಮಾರು 10,900 ಕಿ.ಮೀ. ದುಬೈ ಮೂಲಕ ಹೋದರೆ 5,500 ಮತ್ತು 5,850, ಒಟ್ಟು 11,350. ಜಾಸ್ತಿ ಆದದ್ದು 450 ಕಿ.ಮೀ., ಅರ್ಧ ಗಂಟೆಯ ಹಾರಾಟ. ಸಮಯ ತಿನ್ನುವುದು ದೂರ ಅಲ್ಲ, ನಿಲ್ಲುವುದು. ಇನ್ನೊಮ್ಮೆ ಇಳಿಯಬೇಕು, ಉರುಳಬೇಕು, ಕಾಯಬೇಕು, ಮತ್ತೆ ಏರಬೇಕು. ಎರಡು ಗಂಟೆ ಕಾಯುವುದು ಅಂತ ಇಟ್ಟುಕೊಂಡರೂ ಒಟ್ಟು ಮೂರು ಗಂಟೆ ಹೋಗುತ್ತದೆ. ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರೆ, ಅಥವಾ ಒಂದೇ ಊರಿನ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಿದ್ದರೆ, ಎರಡು ಗಂಟೆ ಸಾಲುವುದಿಲ್ಲ. ನಾನಾದರೆ ನಾಲ್ಕಕ್ಕಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ.

ಕೊನೆಗೆ ಒಂದು ತಾಳೆ

ಲೆಕ್ಕ ಎಲ್ಲ ಆದ ಮೇಲೆ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ. ಹಿಂದಿನ ಏಳೆಂಟು ದಿನ ಅದು ನಿಜವಾಗಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಕಾಣುತ್ತದೆ. ಅತಿ ಬೇಗ ಬಂದ ದಿನವನ್ನೂ ಅತಿ ತಡವಾದ ದಿನವನ್ನೂ ಬಿಟ್ಟು ಉಳಿದದ್ದನ್ನು ನೋಡಿ. ಹೊರಡುವುದು ಜನವರಿಯಲ್ಲಾದರೆ ಜುಲೈ ತಿಂಗಳ ಸಮಯವನ್ನು ನಂಬಬೇಡಿ, ಗಾಳಿ ಬೇರೆ.

ಯಾರನ್ನಾದರೂ ಕರೆತರಲು ಹೋಗುವವರಿಗೆ ಬೇಕಾದದ್ದು ಇವು ಯಾವುದೂ ಅಲ್ಲ. "ಇಳಿಯಿತು" ಅಂತ ತೋರಿಸಿದರೆ ಚಕ್ರ ನೆಲ ಮುಟ್ಟಿದೆ ಅಂತ ಮಾತ್ರ. ಆಮೇಲೆ ಗೇಟು, ಪಾಸ್‌ಪೋರ್ಟ್ ಸಾಲು, ಸೂಟ್‌ಕೇಸ್. ಬೇರೆ ದೇಶದಿಂದ ಬರುವವರಾದರೆ ಇಳಿದ ಒಂದು ಗಂಟೆಯ ಮೇಲೆ ಹೊರಬಾಗಿಲಿಗೆ ಹೋದರೆ ಸಾಕು. ಹೊರಡುವವರಿಗೆ ಇದರ ಉಲ್ಟಾ: ಟಿಕೆಟ್ಟಿನ ಸಮಯ ಅಂದರೆ ವಿಮಾನ ಗೇಟು ಬಿಡುವ ಸಮಯ. ಹತ್ತುವ ಬಾಗಿಲು ಅದಕ್ಕೂ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ. ದೇಶದೊಳಗಾದರೆ ಎರಡು ಗಂಟೆ, ಹೊರದೇಶಕ್ಕಾದರೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು ಅನ್ನುವ ರೂಢಿಯನ್ನು ಒಟ್ಟು ಸಮಯಕ್ಕೆ ಸೇರಿಸಿಕೊಳ್ಳಿ. ಅಕ್ಕನ ಎಂಟು ಗಂಟೆ ಹಾಗೆ ನೋಡಿದರೆ ಮನೆಯಿಂದ ಹೋಟೆಲಿಗೆ ಹದಿನಾಲ್ಕು ಗಂಟೆ ಆಯಿತು.

ವಾಪಸ್ ಬರುವ ರಾತ್ರಿ ಅವಳು ವಿಮಾನದೊಳಗಿನಿಂದಲೇ ಒಂದು ಫೋಟೊ ಕಳಿಸಿದ್ದಳು. ಮುಂದಿನ ಸೀಟಿನ ಹಿಂದಿದ್ದ ಪರದೆ. ನೆಲದ ಮೇಲಿನ ವೇಗ 1,046 ಅಂತ ಇತ್ತು. ಕೆಳಗೆ ಬರೆದಿದ್ದಳು: "ಹಿಂಗಾಳಿ ಎಷ್ಟಿದೆ ಅಂತ ಲೆಕ್ಕ ಹಾಕಿದೀನಿ, 146. ಸರೀನಾ?"